ಕಕ್ಕಡದ ಮದ್ದು ಮತ್ತು ಹಿರಿಯರ ಊಟ

ಕೊಡಗಿನ ಕಕ್ಕಡ ಮಾಸದ ಹದಿನೆಂಟನೆಯ ದಿನ, ಎಂದರೆ ಬಹುಮಟ್ಟಿಗೆ ಆಗಸ್ಟ್ 3ರಂದು, ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗುಣಗಳು ಬಂದು ನೆಲಸುವುವೆಂಬ ನಂಬಿಕೆ ತಲೆತಲಾಂತರದಿಂದ ನಡೆದುಬಂದಿದೆ. ಎಲೆಯನ್ನೂ ಎಳೆಯ ಕಾಂಡವನ್ನೂ ಕುದಿಸಿದ ನೀರು ಕಡುನೇರಳೆಗೆ ತಿರುಗಿ, ಅದರ ಪರಿಮಳ ಅಡುಗೆಮನೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಆ ಕಷಾಯದಲ್ಲಿ ಅಕ್ಕಿಯನ್ನು ಬೇಯಿಸಿ, ಬೆಲ್ಲವನ್ನೂ ತೆಂಗನ್ನೂ ಕೂಡಿಸಿ ಮಾಡಿದ ಪಾಯಸವನ್ನು ಮನೆಯ ಹಿರಿಯರು ತಪ್ಪದೆ ಉಣ್ಣಬೇಕೆಂದು ಎಲ್ಲರೂ ಒತ್ತಾಯಿಸುತ್ತಾರೆ. ಸಸ್ಯಶಾಸ್ತ್ರಜ್ಞರು ಜಸ್ಟಿಸಿಯಾ ವೈನಾಡೆನ್ಸಿಸ್ ಎಂದು ಕರೆಯುವ ಈ ಗಿಡದಲ್ಲಿ ಉತ್ಕರ್ಷಣ ನಿರೋಧಕ ಗುಣವಿರುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಆದರೆ ವರ್ಷಕ್ಕೊಂದು ದಿನದ ಪಾಯಸ ಎಪ್ಪತ್ತು ದಾಟಿದ ದೇಹವನ್ನು ಪೋಷಿಸಲಾರದು. ಒಂದು ನಾಡಿನ ಆಹಾರಪದ್ಧತಿ ವೃದ್ಧರಿಗೆ ಹಿತವೋ ಅಹಿತವೋ ಎಂಬುದನ್ನು ಅವರ ನಿತ್ಯದ ತಟ್ಟೆಯನ್ನು ನೋಡಿಯೇ ನಿರ್ಣಯಿಸಬೇಕು.

ಆ ದೃಷ್ಟಿಯಿಂದ ಪರಿಶೀಲಿಸಿದರೆ ಕೊಡಗಿನ ಹಳೆಯ ಅಡುಗೆಯಲ್ಲಿ ಮೆಚ್ಚತಕ್ಕ ಅಂಶಗಳು ಅನೇಕವುಂಟು. ಅಕ್ಕಿತರಿಯನ್ನು ಬೇಯಿಸಿ, ಉಂಡೆಗಟ್ಟಿ, ಹಬೆಯಲ್ಲಿಟ್ಟು ತೆಗೆದ ಕಡಂಬುಟ್ಟು, ಎಳೆಎಳೆಯಾಗಿ ಒತ್ತಿದ ನೂಪುಟ್ಟು, ಅನ್ನವನ್ನೇ ಹಿಟ್ಟಿನೊಡನೆ ನಾದಿ ಸುಟ್ಟ ಅಕ್ಕಿ ಒಟ್ಟಿ, ಇವೆಲ್ಲವೂ ಹಲ್ಲಿಲ್ಲದ ಬಾಯಿಗೂ ಒದಗಿಬರುವಷ್ಟು ಮೃದುವಾದ ತಿನಿಸುಗಳು. ವಯಸ್ಸಾದಂತೆ ನಾಲಗೆಯ ರುಚಿಗ್ರಹಣ ಮಂದವಾಗುವುದು ಸಹಜ. ಆಗ ಸಪ್ಪೆಯೆನಿಸಿದ ಊಟಕ್ಕೆ ಉಪ್ಪನ್ನೇ ಸುರಿದುಕೊಳ್ಳುವ ಬದಲು, ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವತನಕ ಬತ್ತಿಸಿದ ಕಾಚಂಪುಳಿಯೆಂಬ ಹುಳಿಯ ನಾಲ್ಕು ಹನಿಗಳಿಂದ ಹಸಿವನ್ನು ಎಚ್ಚರಿಸುವುದು ಸಾಧ್ಯ. ಹೊರಗೆ ಕಾಲಿಡಲಾಗದ ಮಳೆಯಲ್ಲಿಯೂ ಹಿತ್ತಿಲಿನ ಕೆಂಬು ಎಂಬ ಕೆಸು, ತೋಟದಂಚಿನ ಕುಮ್ಮು ಎಂಬ ಅಣಬೆ, ನೀರಿನಲ್ಲಿ ನೆನೆಸಿ ಕಹಿ ತೆಗೆದ ಬೈಂಬಳೆ ಎಂಬ ಬಿದಿರಿನ ಕಳಲೆ, ಗದ್ದೆಯ ಏಡಿ, ಹೀಗೆ ಒಂದಲ್ಲ ಒಂದು ಪದಾರ್ಥ ಒಲೆಯ ಮೇಲೆ ಬೇಯುತ್ತಿದ್ದಿತು.

ಈ ಪದ್ಧತಿಯ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಮೂರು ಹೊತ್ತೂ ಅಕ್ಕಿಯೇ ಪ್ರಧಾನವಾದ ಊಟ ಮಧುಮೇಹಿಗಳಿಗೆ ಹೊರೆಯಾಗುತ್ತದೆ; ಹಂದಿಯ ಕೊಬ್ಬನ್ನೂ ಒಣಮೀನು ಮತ್ತು ಉಪ್ಪಿನಕಾಯಿಗಳ ಉಪ್ಪನ್ನೂ ಗದ್ದೆಯಲ್ಲಿ ದಿನವಿಡೀ ದುಡಿದವನ ದೇಹ ತಾಳಿಕೊಂಡಂತೆ ಆರಾಮಕುರ್ಚಿಯಲ್ಲಿ ಕುಳಿತವನ ದೇಹ ತಾಳಿಕೊಳ್ಳಲಾರದು. ಆದರೆ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಅಪಾಯ ಯಾರ ಕಣ್ಣಿಗೂ ಬೀಳದೆ ನಡೆದುಹೋಗುವಂಥದು. ಮಾಂಸವೇ ಪ್ರೋಟೀನಿನ ಮುಖ್ಯ ಮೂಲವಾಗಿದ್ದ ಮನೆಯಲ್ಲಿ ಹಲ್ಲು ಬಿದ್ದವರು ಮೊದಲು ಬಿಡುವುದು ಮಾಂಸವನ್ನು. ಅದರ ಸ್ಥಾನಕ್ಕೆ ಬೇರೇನೂ ಬಾರದೆ, ತಟ್ಟೆಯಲ್ಲಿ ಗಂಜಿಯೂ ಉಪ್ಪಿನಕಾಯಿಯೂ ಮಾತ್ರ ಉಳಿಯುತ್ತವೆ. ನೂರು ಗ್ರಾಂ ಅಕ್ಕಿಯಲ್ಲಿರುವ ಪ್ರೋಟೀನು ಸುಮಾರು 7 ಗ್ರಾಂ. ವೃದ್ಧರಿಗೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರಾದುದರಿಂದ, 50 ಕಿಲೋ ತೂಕದ ಅಜ್ಜಿಯೊಬ್ಬರಿಗೆ 50 ಗ್ರಾಮಿಗೆ ಕಡಮೆಯಿಲ್ಲದಂತೆ ಒದಗಬೇಕು. ಗಂಜಿಯನ್ನೇ ನಂಬಿದವರ ತೊಡೆ ತೋಳುಗಳ ಮಾಂಸಖಂಡ ತಿಂಗಳುಗಟ್ಟಲೆ ಕರಗುತ್ತ ಹೋಗಿ, ಕೊನೆಗೊಂದು ದಿನ ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರಿದಾಗ ಮನೆಯವರು ಮಳೆಯನ್ನು ದೂರುತ್ತಾರೆ. ಮಾಂಸ ಮೊಟ್ಟೆಗಳನ್ನು ಬಿಟ್ಟವರಿಗೆ ಬಿ12 ಜೀವಸತ್ವದ ಕೊರತೆಯೂ, ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲು ಕಾಣದವರಿಗೆ ಡಿ ಜೀವಸತ್ವದ ಕೊರತೆಯೂ ಇದರೊಡನೆ ಸೇರಿಕೊಳ್ಳಬಹುದು. ಚಳಿಯಲ್ಲಿ ಬಾಯಾರಿಕೆಯೇ ತೋರದ ವೃದ್ಧರು ನೀರನ್ನೂ ಮರೆಯುತ್ತಾರೆ.

ಇದಕ್ಕೆ ಪರಿಹಾರ ದುಬಾರಿಯ ಪುಡಿಡಬ್ಬಿಗಳಲ್ಲಿಲ್ಲ. ಗಂಜಿಗೆ ಹಿಡಿ ಹೆಸರುಬೇಳೆ, ಮಧ್ಯಾಹ್ನ ಹುರುಳಿಸಾರು, ದಿನಕ್ಕೊಂದು ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಮಲಗುವ ಮುನ್ನ ಒಂದು ಲೋಟ ಹಾಲು. ಮೂತ್ರಪಿಂಡದ ರೋಗವಿದ್ದವರು ಮಾತ್ರ ವೈದ್ಯರ ಮಾತಿನಂತೆ ನಡೆಯಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ವೃದ್ಧರಿಗೆ ಪೋಷಕಾಂಶಸಮೃದ್ಧವಾದ ಆಹಾರವನ್ನೇ ವಿಧಿಸುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಮುಪ್ಪನ್ನು ಕಳೆಯುವ ಯರವ, ಕುರುಬ ಬುಡಕಟ್ಟುಗಳ ಹಿರಿಯರಿಗೆ ಕಾಡಿನ ಗೆಡ್ಡೆ ಸೊಪ್ಪುಗಳು ದೂರವಾಗಿರುವಾಗ, ಆದಿವಾಸಿ ಕುಟುಂಬಗಳಿಗೆ ಸರ್ಕಾರ ಹಂಚುವ ಬೇಳೆಕಾಳು, ಮೊಟ್ಟೆ, ತುಪ್ಪಗಳು ನಿಜಕ್ಕೂ ಆ ಹಿರಿಯರ ತಟ್ಟೆಯನ್ನು ಮುಟ್ಟುವಂತೆ ನೋಡಿಕೊಳ್ಳುವುದು ಇನ್ನೂ ಅಗತ್ಯ.

ಆದರೂ ಪದಾರ್ಥಗಳನ್ನು ಒದಗಿಸಿದ ಮಾತ್ರಕ್ಕೆ ಊಟವಾಗುವುದಿಲ್ಲ. ಐನ್‌ಮನೆಯೆಂಬ ಮೂಲಮನೆಯಲ್ಲಿ ಒಕ್ಕದವರೆಲ್ಲ, ಎಂದರೆ ಒಂದೇ ಮನೆತನದವರೆಲ್ಲ, ಕೂಡಿ ಬಾಳುತ್ತಿದ್ದ ಕಾಲದಲ್ಲಿ ಹಿರಿಯರು ಕಡಮೆ ಉಂಡರೆ ಅದನ್ನು ಕಾಣುವ ಕಣ್ಣುಗಳಿದ್ದುವು. ಇಂದು ಮಕ್ಕಳು ಬೆಂಗಳೂರಿನಲ್ಲಿಯೋ ಸೇನೆಯಲ್ಲಿಯೋ ಪರದೇಶದಲ್ಲಿಯೋ ಇರುವಾಗ, ಒಬ್ಬರಿಗೋಸ್ಕರ ಒಲೆ ಹಚ್ಚುವ ಉತ್ಸಾಹವಿಲ್ಲದೆ ಬೆಳಗಿನ ಗಂಜಿಯನ್ನೇ ರಾತ್ರಿಗೂ ಬಿಸಿಮಾಡಿಕೊಳ್ಳುವ ಹಿರಿಯರು ಅನೇಕರಿದ್ದಾರೆ. ಹಳೆಯ ಪದ್ಧತಿಯ ಶ್ರೇಷ್ಠ ಅಂಶ ಆ ಸಹಭೋಜನವೇ ಆಗಿತ್ತೆಂದೂ, ನಾವು ಮೊದಲು ಕಳೆದುಕೊಂಡುದು ಅದನ್ನೇ ಎಂದೂ ನನ್ನ ನಿಶ್ಚಿತ ಅಭಿಪ್ರಾಯ. ದೂರದಲ್ಲಿರುವ ಮಕ್ಕಳು ಫೋನಿನಲ್ಲಿ ಊಟವಾಯಿತೇ ಎಂದು ಕೇಳಿ ನಿಲ್ಲಿಸದೆ, ಏನನ್ನು ಉಂಡಿರಿ, ಯಾರೊಡನೆ ಉಂಡಿರಿ ಎಂದೂ ಕೇಳಲಿ. ನೆರೆಯಲ್ಲಿರುವವರು ವಾರಕ್ಕೊಮ್ಮೆಯಾದರೂ ಆ ಹಿರಿಯರನ್ನು ತಮ್ಮ ಮನೆಯ ಪಂಕ್ತಿಗೆ ಕರೆದುಕೊಂಡು ಬರಲಿ.