‘ಕೊನ್‌ಫಿರ್ಮೇರೆ’: ಒಂದು ಕ್ರಿಯಾಪದದ ಕರ್ತೃ ಯಾರು?

ಡೇನಿಶ್ ಹಾಗೂ ನಾರ್ವೇಜಿಯನ್ ಭಾಷೆಗಳ ‘ಕೊನ್‌ಫಿರ್ಮೇರೆ’ ಎಂಬ ಕ್ರಿಯಾಪದಕ್ಕೆ ‘ದೃಢಪಡಿಸು’ ಎಂಬರ್ಥದ ಲ್ಯಾಟಿನ್ ಪದವೇ ಮೂಲ. ಯಾರು ಯಾರನ್ನು ದೃಢಪಡಿಸುತ್ತಾರೆ ಎಂಬ ಪ್ರಶ್ನೆಯಲ್ಲಿ ಈ ಕ್ರೈಸ್ತ ವಿಧಿಯ ಸಾಮಾಜಿಕ ಚರಿತ್ರೆ ಅಡಗಿದೆ. ಡೆನ್ಮಾರ್ಕ್-ನಾರ್ವೆಯ ದೊರೆ ಆರನೆಯ ಕ್ರಿಸ್ಟಿಯನ್ 1736ರಲ್ಲಿ ಇದನ್ನು ಕಡ್ಡಾಯಗೊಳಿಸಿದನು. ಮರುವರ್ಷ ಪ್ರಕಟವಾದ ಎರಿಕ್ ಪೊಂಟೊಪ್ಪಿಡಾನನ ಪ್ರಶ್ನೋತ್ತರ ರೂಪದ ಧರ್ಮಬೋಧೆಯನ್ನು ಮಕ್ಕಳು ಕಲಿತು ಪಾದ್ರಿಗೆ ಒಪ್ಪಿಸಬೇಕಾಗಿತ್ತು. ವಿಧಿ ಪೂರೈಸದವರಿಗೆ ವಿವಾಹದ ಅರ್ಹತೆಯೂ ಇರಲಿಲ್ಲ. ಇಲ್ಲಿ ಪಾದ್ರಿ ಕರ್ತೃ, ಮಗು ಕರ್ಮ.

ವ್ಯಾನ್ ಗೆನೆಪ್ 1909ರಲ್ಲಿ ಮಂಡಿಸಿದ ಬೇರ್ಪಡೆ, ನಡುಸ್ಥಿತಿ, ಮರುಸೇರ್ಪಡೆಗಳ ಚೌಕಟ್ಟಿನಲ್ಲಿ ಇದನ್ನು ಸಂಕ್ರಮಣ ವಿಧಿಯೆಂದು ಗುರುತಿಸುವುದು ಸುಲಭ. ಆದರೆ ಆ ಚೌಕಟ್ಟು ಪ್ರಭುತ್ವದ ಪಾತ್ರವನ್ನು ಮರೆಮಾಡುತ್ತದೆ. ಇದು ಸಮುದಾಯದೊಳಗೆ ತಾನಾಗಿ ಹುಟ್ಟಿದ ಆಚರಣೆಯಲ್ಲ. ರಾಜಾಜ್ಞೆ ಹೇರಿದ, ಓದುವಿಕೆಯನ್ನು ಮನೆಮನೆಗೆ ಒಯ್ದ ಪರೀಕ್ಷೆ. ಸಿದ್ಧತೆಯ ಪಾಠಕ್ಕೆ ಡೇನಿಶ್ ಜನಭಾಷೆ ‘ಪಾದ್ರಿಯಲ್ಲಿಗೆ ಹೋಗು’ ಎನ್ನುವುದು ಅರ್ಥಪೂರ್ಣ. ಆ ಮಾತು ಸಂಸ್ಕಾರವನ್ನಲ್ಲ, ಕಲಿಕೆಯನ್ನು ಹೆಸರಿಸುತ್ತದೆ.

ಹಾಗೆಂದು ಇದನ್ನು ಕೇವಲ ಹೇರಿಕೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ನಾರ್ವೆಯಲ್ಲಿ 1912ರಲ್ಲಿ ಕಡ್ಡಾಯ ರದ್ದಾದರೂ ವಿಧಿ ಅಳಿಯಲಿಲ್ಲ. 1951ರಲ್ಲಿ ಚರ್ಚಿನ ಹೊರಗೆ ನಾಗರಿಕ ರೂಪದಲ್ಲಿ ಆರಂಭವಾದ ಆಚರಣೆಯೂ ಅದೇ ಹೆಸರನ್ನು ಉಳಿಸಿಕೊಂಡಿತು. ಇಂದಿನ ನಾರ್ವೇಜಿಯನ್ನಿನಲ್ಲಿ ಈ ಕ್ರಿಯಾಪದಕ್ಕೆ ಆತ್ಮಾರ್ಥಕ ಪ್ರಯೋಗವೂ ಉಂಟು. ಅಲ್ಲಿ ಹದಿಹರೆಯದವರೇ ಕರ್ತೃಗಳು. ಆದ್ದರಿಂದ ಆಚರಣೆಯೊಂದು ಜಾನಪದವೇ ಎಂಬುದನ್ನು ಅದರ ಹುಟ್ಟಿನಿಂದಷ್ಟೇ ನಿರ್ಣಯಿಸಲಾಗದು. ಬಲವಂತ ತೊಲಗಿದ ಮೇಲೂ ಜನ ಅದನ್ನು ಉಳಿಸಿಕೊಂಡರೇ ಎಂಬುದೇ ನಿಜವಾದ ಒರೆಗಲ್ಲು.