ಹಂಪೆಯ ಹಳೆಯ ಛಾಯಾಚಿತ್ರಗಳಲ್ಲಿ ಜನಜೀವನ

ಶಾಸನ, ನಾಣ್ಯ, ಕೈಫಿಯತ್ತು, ಪ್ರವಾಸಿಗಳ ಬರಹ ಇವನ್ನು ಪ್ರಮಾಣವೆಂದು ಒಪ್ಪುವ ಮುನ್ನ ನಾವು ನಾನಾ ಬಗೆಯಾಗಿ ಪರೀಕ್ಷಿಸುತ್ತೇವೆ. ಲಿಪಿಯು ಕಾಲಕ್ಕೆ ಹೊಂದುವುದೇ, ದಾನವಿತ್ತವನು ಆ ಸೀಮೆಯನ್ನು ಆಳುತ್ತಿದ್ದನೇ, ಬರೆದವನು ಕಣ್ಣಾರೆ ಕಂಡನೋ ಕಿವಿಯಾರೆ ಕೇಳಿದನೋ ಎಂದು ವಿಚಾರಿಸುತ್ತೇವೆ. ಛಾಯಾಚಿತ್ರದ ಮಾತು ಬಂದಾಗ ಮಾತ್ರ ಈ ಎಚ್ಚರ ಸಡಿಲವಾಗುತ್ತದೆ. ಬೆಳಕೇ ಬರೆದ ಚಿತ್ರವಾದುದರಿಂದ ಅದು ಸುಳ್ಳಾಡದು ಎಂಬ ನಂಬಿಕೆ ವಿದ್ವಾಂಸರಲ್ಲಿಯೂ ಬೇರೂರಿದೆ. ಹಂಪೆಯ ಹಳೆಯ ಚಿತ್ರಗಳನ್ನು ಮುಂದಿಟ್ಟುಕೊಂಡು ಈ ನಂಬಿಕೆಯನ್ನು ಒರೆಗೆ ಹಚ್ಚುವುದು ಇಲ್ಲಿ ನಮ್ಮ ಉದ್ದೇಶ.

ಮದರಾಸು ಸೈನ್ಯದ ಅಧಿಕಾರಿಗಳಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಅವರು 1856ರಲ್ಲಿ ಹಂಪೆಯ ಅವಶೇಷಗಳನ್ನು ಚಿತ್ರಿಸಿದರು. ಅವರು ಬಳಸಿದುದು ಗಾಜಿನ ಫಲಕವನ್ನಲ್ಲ, ಮೇಣ ಹಿಡಿಸಿದ ಕಾಗದವನ್ನು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಬೆಳಕಿಗೆ ತಂದ ಈ ಕ್ರಮದಲ್ಲಿ ಕಾಗದವನ್ನು ಮುಂಚಿತವಾಗಿ ಸಿದ್ಧಪಡಿಸಿ, ಕೆಲವು ದಿನಗಳ ಅನಂತರವೂ ಉಪಯೋಗಿಸಬಹುದಾಗಿತ್ತು. ನಮ್ಮ ಬಿಸಿಲಿನಲ್ಲಿ ಪಯಣಿಸುವವನಿಗೆ ಅದೊಂದು ದೊಡ್ಡ ಅನುಕೂಲ. ಆ ಚಿತ್ರಗಳಿಂದ ನಮಗಾದ ಉಪಕಾರ ಅಲ್ಪವಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಅಂದು ಇಟ್ಟಿಗೆಯ ಶಿಖರವಿತ್ತು. ಇಂದು ಅದಿಲ್ಲ. 2017ರಲ್ಲಿ ಹೊರಟ 50 ರೂಪಾಯಿಯ ನೋಟಿನ ಮೇಲೆ ನಾಡೆಲ್ಲ ಕಾಣುವುದು ಈ ಬೋಳು ರಥವನ್ನೇ. ಶಿಲ್ಪಿಯ ಕಲ್ಪನೆಯಲ್ಲಿ ಅದು ಹೇಗಿತ್ತೆಂದು ಅರಿಯಬಯಸುವವರು ಗ್ರೀನ್‌ಲಾ ಅವರ ಚಿತ್ರವನ್ನೇ ನೋಡಬೇಕು. ಯಾವ ವರ್ಣನೆಯೂ ಇದಕ್ಕೆ ಸಾಟಿಯಾಗಲಾರದು.

ಆದರೆ ಅದೇ ಚಿತ್ರಗಳನ್ನು ಅಂದಿನ ಜನಜೀವನಕ್ಕೆ ಸಾಕ್ಷಿಯಾಗಿ ಕರೆದರೆ ತೊಡಕು ಮೊದಲಾಗುತ್ತದೆ. ಅವುಗಳಲ್ಲಿ ಕಲ್ಲು, ಕಂಬ, ಗೋಪುರಗಳು ಅಚ್ಚುಕಟ್ಟಾಗಿ ಮೂಡಿವೆ. ಜನರ ಸುಳಿವು ಬಹು ವಿರಳ. ನೋಡುವವನ ಮನಸ್ಸಿನಲ್ಲಿ ಏಳುವ ಭಾವವೆಂದರೆ ಪಾಳುಬಿದ್ದ, ಯಾರೂ ಇಲ್ಲದ, ಮೌನವಾದ ಒಂದು ಪಟ್ಟಣ. ಈ ಶೂನ್ಯತೆಯಲ್ಲಿ ಎಷ್ಟು ಪಾಲು ಹಂಪೆಯದು, ಎಷ್ಟು ಪಾಲು ಕಾಗದದ್ದು ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. ಮೇಣದ ಕಾಗದದ ಮೇಲೆ ಬಿಂಬ ಮೂಡಬೇಕಾದರೆ ಪೆಟ್ಟಿಗೆಯ ಕಣ್ಣು ಹಲವು ನಿಮಿಷ ತೆರೆದಿರಬೇಕಾಗಿತ್ತು. ಅಷ್ಟು ಹೊತ್ತಿನಲ್ಲಿ ಎತ್ತಿನ ಗಾಡಿಯೊಂದು ಬೀದಿಯನ್ನು ದಾಟಿ ಹೋದರೂ, ಹೆಂಗಸೊಬ್ಬಳು ಕೊಡ ಹೊತ್ತು ಹೊಳೆಗೆ ಹೋಗಿ ಬಂದರೂ ಕಾಗದದ ಮೇಲೆ ಗುರುತು ಉಳಿಯದು. ಗಾಳಿಗೆ ಅಲುಗಿದ ಬಾಳೆಯ ಎಲೆ ಮಸುಕಾಗುತ್ತದೆ. ಹರಿಯುವ ನೀರು ಬಿಳಿಯ ಹಾಳೆಯಂತೆ ಚಪ್ಪಟೆಯಾಗುತ್ತದೆ. ಅಲುಗದೆ ನಿಂತುದು ಮಾತ್ರ ಇತಿಹಾಸವಾಗುತ್ತದೆ. ಜೀವವುಳ್ಳದ್ದು ಅಲುಗದೆ ಇರುವುದುಂಟೆ?

ಬೇರೆ ಆಕರಗಳು ಹೇಳುವುದೇನು? ವಿರೂಪಾಕ್ಷನ ಪೂಜೆ 1565ರ ಅನಂತರವೂ ನಡೆದುಬಂದಿದೆ. ಅವನ ದೊಡ್ಡ ಗೋಪುರ 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಎಂದರೆ ಗ್ರೀನ್‌ಲಾ ಅವರು ಬರುವ ಮೊದಲೇ, ಜೀರ್ಣೋದ್ಧಾರಗೊಂಡಿತ್ತು. ಯಾರೂ ಇಲ್ಲದ ಊರಿನಲ್ಲಿ ಗೋಪುರವನ್ನು ದುರಸ್ತಿ ಮಾಡಿಸುವವರಾರು? ಚೈತ್ರಮಾಸದ ತೇರಿಗೆ ಸುತ್ತಣ ಸೀಮೆಯ ಜನ ಇಂದಿಗೂ ಸೇರುತ್ತಾರೆ. ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಸಿದ ತುರುತ್ತು ಕಾಲುವೆ ಈಗಲೂ ಬತ್ತ, ಬಾಳೆ, ಕಬ್ಬುಗಳಿಗೆ ನೀರುಣಿಸುತ್ತಿದೆ. ಕಾಲುವೆಯ ಹೂಳೆತ್ತಿ, ನೀರಿನ ಸರದಿ ಕಾದು, ಗದ್ದೆಯನ್ನು ಉತ್ತವರು ಇದ್ದೇ ಇದ್ದರು. ರಾಬರ್ಟ್ ಸಿವೆಲ್ ಅವರು 1900ರಲ್ಲಿ ಪ್ರಕಟಿಸಿದ ಹೆಸರಾಂತ ಗ್ರಂಥದಲ್ಲಿ ಈ ಸಾಮ್ರಾಜ್ಯವನ್ನು ಮರೆತುಹೋದುದೆಂದು ಕರೆದರು. ಅವರ ಪಾಂಡಿತ್ಯಕ್ಕೆ ನಾವು ಋಣಿಗಳು. ಆದರೂ ಮರೆತವರು ಯಾರು ಎಂದು ಕೇಳದಿರಲಾಗದು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ವಾಟ್ಸನ್ ಮತ್ತು ಕೇ ಅವರು 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಪ್ರಕಟಿಸಿದ ಭಾರತೀಯ ಜನರ ಚಿತ್ರಸಂಗ್ರಹದಲ್ಲಿ 468 ಛಾಯಾಚಿತ್ರಗಳಿವೆ. ಅಲ್ಲಿ ಜನರೇನೋ ಇದ್ದಾರೆ. ಆದರೆ ಅವರನ್ನು ಮನೆ ಹೊಲಗಳಿಂದ ಬಿಡಿಸಿ, ಜಾತಿಯ ಮಾದರಿಗಳೆಂಬಂತೆ ನಿಲ್ಲಿಸಿದೆ. ಅದರ ವಿಚಾರ ಬೇರೆಯೇ ಒಂದು ಲೇಖನವನ್ನು ಬೇಡುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು 1983ರಲ್ಲಿ ಗ್ರೀನ್‌ಲಾ ಅವರು ನಿಂತ ಸ್ಥಳಗಳನ್ನೇ ಹುಡುಕಿ ಮತ್ತೆ ಚಿತ್ರಿಸಿದರು. 2008ರಲ್ಲಿ ಎರಡನ್ನೂ ಜೊತೆಗಿಟ್ಟ ಗ್ರಂಥ ಹೊರಬಂದಿತು. ಶ್ಲಾಘ್ಯವಾದ ಪರಿಶ್ರಮ. 127 ವರ್ಷಗಳಲ್ಲಿ ಯಾವ ಕಂಬ ಬಿದ್ದಿತು, ಯಾವ ಗೋಪುರದ ಗಿಡಗಂಟಿ ಕಳೆಯಿತು ಎಂಬುದು ಅದರಿಂದ ಕರತಲಾಮಲಕವಾಗುತ್ತದೆ. ಆದರೆ ಇಂಥ ತುಲನೆ ಲೆಕ್ಕವಿಡುವುದು ಕಲ್ಲಿನದನ್ನು ಮಾತ್ರ. ಹಿಂದಿನ ಚಿತ್ರವನ್ನು ಅಳತೆಗೋಲಾಗಿ ಹಿಡಿದೊಡನೆ ಅದರಲ್ಲಿಲ್ಲದುದೆಲ್ಲ ಅನಂತರ ಬಂದು ಸೇರಿಕೊಂಡದ್ದೆಂದು ತೋರುತ್ತದೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ವಿರೂಪಾಕ್ಷನ ಮುಂದಿನ ಬೀದಿಯ ಸಾಲುಮಂಟಪಗಳಲ್ಲಿ ಅಂಗಡಿಯಿಟ್ಟು, ಒಲೆ ಹೂಡಿ, ಮಕ್ಕಳನ್ನು ಹೆತ್ತು ಬಾಳಿದ ಸಂಸಾರಗಳ ಮನೆಗಳನ್ನು 2011ರ ಜುಲೈಯಲ್ಲಿ ಅಧಿಕಾರಿಗಳು ಕೆಡವಿಸಿದರು. ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿದುದರಿಂದ ಶಿಲ್ಪಕ್ಕೆ ಕೇಡಾಗುತ್ತಿತ್ತೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹಂಪೆಯ ಸಹಜಸ್ಥಿತಿಯೇ ನಿರ್ಜನತೆ ಎಂಬ ಭಾವನೆ ಆ ವಾದದ ಬೆನ್ನಿಗಿದ್ದರೆ, ಅದು ಶಾಸನಗಳಿಂದ ಬಂದುದಲ್ಲ. ನ್ಯೂನಿಜ್, ಪಾಯಿಸರ ಬರಹಗಳಿಂದ ಬಂದುದೂ ಅಲ್ಲ. ಪಾಯಿಸ್ ಕಂಡದ್ದು ಜನ ಕಿಕ್ಕಿರಿದ ಅಂಗಡಿಬೀದಿಗಳನ್ನು.

ಆ ಸಂಸಾರಗಳಲ್ಲಿ ಹಲವು ಈಗ ಕಡ್ಡಿರಾಂಪುರದ ಕಡೆ ಇವೆ. ಅವರ ಪೆಟ್ಟಿಗೆಗಳಲ್ಲಿ ಮದುವೆಯ, ನಾಮಕರಣದ, ತೇರಿನ ದಿನದ ಚಿತ್ರಗಳಿದ್ದರೆ, ಹಿಂದುಗಡೆ ಮಂಟಪದ ಕಂಬವೊಂದು ಅರೆಯಾಗಿಯಾದರೂ ಕಂಡೀತು. ಅವನ್ನು ಗ್ರೀನ್‌ಲಾ ಅವರ ಚಿತ್ರಗಳ ಪಕ್ಕದಲ್ಲಿಟ್ಟು ಓದಬೇಕು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಅಲ್ಲಿಗೆ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಚಿತ್ರಗಳಿಗೆ ಪ್ರತಿ ಮಾಡಿಕೊಂಡು, ಒಂದೊಂದರ ಹಿಂದೆಯೂ ಇಸವಿ, ನಿಂತವರ ನಂಟು, ಕಂಬದ ಗುರುತು ಇವನ್ನು ಹಿರಿಯರ ಬಾಯಿಂದಲೇ ಕೇಳಿ ಬರೆದಿಡಬೇಕು. ಕಂಬವನ್ನು ಗುರುತಿಸಬಲ್ಲ ಆ ಹಿರಿಯರಿಗೆ ವಯಸ್ಸಾಗುತ್ತಿದೆ.