ನುಡಿಯಿಂದ ಕೊಲೆಯವರೆಗೆ: ‘ತಲೆದಂಡ’ ನಾಟಕದ ಒಂದು ಪರಿಶೀಲನೆ

ಗಿರೀಶ ಕಾರ್ನಾಡರ ‘ತಲೆದಂಡ’ ಪ್ರಕಟವಾದದ್ದು 1990ರಲ್ಲಿ. 1994ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ದೆಹಲಿಗೂ ಈ ಕೃತಿ ಹೊಸತಲ್ಲ. 1992ರಲ್ಲಿ ಇಬ್ರಾಹಿಂ ಅಲ್ಕಾಜಿಯವರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇದನ್ನು ‘ರಕ್ತ ಕಲ್ಯಾಣ’ ಎಂಬ ಹಿಂದಿ ರೂಪದಲ್ಲಿ ಆಡಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣದ ದುರಂತಕ್ಕೆ ಹರಳಯ್ಯ-ಮಧುವರಸರ ಮಕ್ಕಳ ಮದುವೆಯೇ ಮೂಲವೆಂದು ಸಾಮಾನ್ಯವಾಗಿ ಹೇಳುವುದುಂಟು. ಮದುವೆ ನಿಮಿತ್ತಮಾತ್ರ, ಮೂಲವು ಅದಕ್ಕಿಂತ ಬಹು ಹಿಂದೆ ಆಡುಮಾತಿನಲ್ಲಿದೆ ಎಂಬುದನ್ನು ನಾಟಕವೇ ತೋರಿಸುತ್ತದೆ.

1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟರು ಪೂರ್ವಗ್ರಹವು ಏರುವ ಐದು ಮೆಟ್ಟಿಲುಗಳನ್ನು ಗುರುತಿಸಿದರು: ಹೀನೋಕ್ತಿ, ದೂರವಿಡುವಿಕೆ, ಪಕ್ಷಪಾತ, ದೈಹಿಕ ಆಕ್ರಮಣ, ನಿರ್ಮೂಲನ. ಕಾರ್ನಾಡರ ಕಲ್ಯಾಣದಲ್ಲಿ ಈ ಐದೂ ಇವೆ. ಮೊದಲ ದೃಶ್ಯದಲ್ಲಿ ಬ್ರಾಹ್ಮಣ ತರುಣ ಜಗದೇವನು ಗೆಳೆಯ ಮಲ್ಲಿಬೊಮ್ಮನನ್ನು ಮನೆಯೊಳಗೆ ಕರೆಯುತ್ತಾನೆ. ಮಲ್ಲಿಬೊಮ್ಮನು ಹಿಂಜರಿಯುತ್ತಾನೆ. ಅವನನ್ನು ಯಾರೂ ಹೊಡೆಯುತ್ತಿಲ್ಲ. ತಲೆತಲಾಂತರದಿಂದ ಕೇಳಿದ ಮಾತೇ ಅವನ ಕಾಲನ್ನು ಹಿಡಿದು ನಿಲ್ಲಿಸಿದೆ. ಸಿಂಹಾಸನವೇರಿದ ಬಿಜ್ಜಳನೂ ತನ್ನ ಕ್ಷೌರಿಕ ಮೂಲವನ್ನು ಎದುರಿನವರ ಕಣ್ಣುಗಳಲ್ಲಿ ಓದುತ್ತಲೇ ಬಾಳಿದವನು. ಶರಣರ ಕಣ್ಣುಗಳಲ್ಲಿ ಮಾತ್ರ ಅದು ಕಾಣದೆಂಬುದೇ ಅವನಿಗೆ ಅವರಲ್ಲಿರುವ ಆದರಕ್ಕೆ ಕಾರಣ. ಮದುವೆಯ ಪ್ರಸ್ತಾಪ ಬಂದಾಗ ಬಸವಣ್ಣನೇ ತಡವರಿಸುತ್ತಾನೆ. ಪಟ್ಟಣದಲ್ಲಿ ಶೇಖರವಾಗಿರುವ ದ್ವೇಷವನ್ನು ಅವನು ಬಲ್ಲನು.

ಆದರೆ ಮೆಟ್ಟಿಲುಗಳನ್ನು ಎಣಿಸಿದ ಮಾತ್ರಕ್ಕೆ ವಿಮರ್ಶೆ ಮುಗಿಯದು. ನುಡಿಯು ತಾನಾಗಿ ಕತ್ತಿಯಾಗುವುದಿಲ್ಲ. ಏಣಿಯನ್ನು ಹಿಡಿದುಕೊಡುವವರು ಬೇಕು. ನಾಟಕದ ಹೆಚ್ಚಿನ ಸಿದ್ಧಿ ಇರುವುದು ಇಲ್ಲಿ. ದಾಮೋದರ ಭಟ್ಟನು ಒರಟು ಮಾತಿನವನಲ್ಲ. ಮನುಷ್ಯರೊಳಗಿನ ಭೇದವು ಸಹಜವೆಂದು ಆತ ಸೌಜನ್ಯದಿಂದಲೇ ವಾದಿಸುತ್ತಾನೆ. ಬೀದಿಯ ಬೈಗುಳಿಗೆ ಹೀಗೆ ಶಾಸ್ತ್ರದ ಮರ್ಯಾದೆ ದೊರೆಯುತ್ತದೆ. ಸೋವಿದೇವನ ಅಧಿಕಾರದಾಸೆ ಅದಕ್ಕೆ ಸೈನಿಕರನ್ನು ಒದಗಿಸುತ್ತದೆ. ಆ ಬಳಿಕವೇ ಹರಳಯ್ಯ-ಮಧುವರಸರ ಕಣ್ಣು ಕೀಳುವ, ಅವರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸುವ ಘೋರಕೃತ್ಯ. ಕೊನೆಗೆ ಶರಣರನ್ನೂ ಪರದೇಶಿಗಳನ್ನೂ ಸ್ವತಂತ್ರ ವಿಚಾರದವರನ್ನೂ ನಾಡಿನಿಂದ ಹೊರದೂಡುವ ರಾಜಾಜ್ಞೆ ಹೊರಡುತ್ತದೆ.

ನಾಟಕಕಾರರು ಶರಣರಿಗೂ ವಿನಾಯಿತಿ ಕೊಟ್ಟಿಲ್ಲವೆಂಬುದು ಗಮನಾರ್ಹ. ಜೈನ ದೇಗುಲದ ಪ್ರಸಂಗದಲ್ಲಿ ಜಗದೇವನಂಥ ತರುಣರು ಬಲಪ್ರಯೋಗಕ್ಕೆ ಸಿದ್ಧರಾದಾಗ, ಇನ್ನೊಬ್ಬರು ಮೊದಲು ಆರಂಭಿಸಿದರೆಂಬ ಸಮರ್ಥನೆಯನ್ನು ಬಸವಣ್ಣನು ಒಪ್ಪುವುದಿಲ್ಲ. ಅದೇ ಜಗದೇವನು ಕೊನೆಯಲ್ಲಿ ಬಿಜ್ಜಳನನ್ನು ಕೊಲ್ಲುತ್ತಾನೆ. ಸಮತೆಯ ಮಾತು ಬಾಯಿಗೆ ಬಂದವನಿಗೆಲ್ಲ ದ್ವೇಷವು ಬಿಟ್ಟಿತೆನ್ನಲಾಗದು.

ಈ ನಾಟಕವನ್ನು ದೆಹಲಿಯಲ್ಲಿ ಕುಳಿತು ಓದುವವರಿಗೆ 1984ರ ನೆನಪಾಗದಿರದು. ಇಂದಿರಾ ಗಾಂಧಿಯವರ ಹತ್ಯೆಯ ಮರುದಿನಗಳಲ್ಲಿ, ಸರ್ಕಾರದ ಲೆಕ್ಕದಂತೆಯೇ, ಈ ನಗರದಲ್ಲಿ 2,733 ಸಿಖ್ಖರು ಹತರಾದರು. ಸರ್ದಾರ್ಜಿಯ ಬುದ್ಧಿಯನ್ನು ಕುರಿತ ಕುಚೋದ್ಯ ಅದಕ್ಕೆ ಮೊದಲೂ ಇತ್ತು, ಆಮೇಲೂ ನಿಲ್ಲಲಿಲ್ಲ. ಆ ನಗೆಯೇ ಕೊಲೆಗೆ ಕಾರಣವೆಂದರೆ ಅತಿಶಯೋಕ್ತಿಯಾದೀತು. ಗುಂಪುಗಳನ್ನು ಕೂಡಿಸಿದವರಿದ್ದರು, ಪೊಲೀಸರ ನಿಷ್ಕ್ರಿಯತೆಯನ್ನು 2005ರ ನಾನಾವತಿ ಆಯೋಗದ ವರದಿ ದಾಖಲಿಸಿದೆ. ಆದರೆ ನೆರೆಯವನನ್ನು ಒಂದು ಹೆಸರು, ಒಂದು ಪೇಟ, ಒಂದು ನಗೆಮಾತು ಇಷ್ಟಕ್ಕೇ ಇಳಿಸಿಬಿಟ್ಟ ನಾಲಗೆಯು ಕಿಟಕಿ ಮುಚ್ಚಿ ಒಳಗೆ ಕೂರುವುದನ್ನು ಸುಲಭಗೊಳಿಸುತ್ತದೆ. ಏಣಿಯ ನಡುವಣ ಮೆಟ್ಟಿಲು ಈ ಮೌನವೇ.

ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಊರಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ‘ಮದ್ರಾಸಿ’ ಎಂದಾಗ ನೊಂದುಕೊಂಡೆ. ಅದೇ ವಾರ ಊಟದ ಹೊತ್ತಿನಲ್ಲಿ ಸಿಖ್ ಜವಾನನೊಬ್ಬನನ್ನು ಕುರಿತ ‘ಹನ್ನೆರಡು ಗಂಟೆ’ಯ ಹಾಸ್ಯಕ್ಕೆ ಎಲ್ಲರೊಡನೆ ನಾನೂ ನಕ್ಕೆ. ಆತ ಪಕ್ಕದ ಮೇಜಿನಲ್ಲೇ ಇದ್ದ. ‘ತಲೆದಂಡ’ವನ್ನು ಮತ್ತೆ ಓದುವಾಗ, ಮಲ್ಲಿಬೊಮ್ಮನು ಹೊಸ್ತಿಲಾಚೆ ನಿಂತ ಕಡೆ ನನಗೆ ಆತನ ಮುಖವೇ ಕಾಣಿಸುತ್ತದೆ. ವಲಸೆ ಬಂದ ನಾವು ಅನ್ಯರ ಹೀನೋಕ್ತಿಯನ್ನು ಲೆಕ್ಕವಿಡುವುದರಲ್ಲಿ ನಿಪುಣರು. ನಮ್ಮ ಮನೆಗಳಲ್ಲಿ ಜಾತಿ, ಪ್ರಾಂತ, ಮತಗಳ ಹೆಸರು ಹಿಡಿದು ಆಡುವ ಮಾತನ್ನೂ ಅದೇ ಖಾತೆಯಲ್ಲಿ ಬರೆಯಬೇಕೆಂಬುದು ಈ ನಾಟಕದ ಬೇಡಿಕೆಯೆಂದು ನಾನು ತಿಳಿಯುತ್ತೇನೆ.